14 ಹೆಸರು ಉಂಟು, ಆಡಿದವರದ್ದು ಒಂದೂ ಇಲ್ಲ

ಸಂಪಾದಕರಿಗೆ ನಮಸ್ಕಾರ.

ಮೊದಲೇ ಹೇಳ್ತೇನೆ, ಪತ್ರ ಸ್ವಲ್ಪ ಉದ್ದ ಆಗ್ತದೆ. ಕತ್ತರಿ ಹಾಕ್ಲೇಬೇಕು ಅಂತಾದ್ರೆ ನನ್ನ ಅಂಗಡಿ ಪುರಾಣಕ್ಕೆ ಹಾಕಿ, ಮಕ್ಕಳ ಭಾಗ ಹಾಗೇ ಬಿಡಿ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ರ ಒಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇಟ್ಕೊಂಡವ. ಮದುವೆ ಕಾಗದ, ಕೋಲದ ಆಮಂತ್ರಣ, ರೇಶನ್ ಕಾರ್ಡಿನ ಅರ್ಜಿ, ಮಲೆಯಾಳದಲ್ಲಿ ಬಂದ ನೋಟೀಸನ್ನು ಓದಿ ಅಜ್ಜಿಯಂದಿರಿಗೆ ಕನ್ನಡದಲ್ಲಿ ಹೇಳುದು, ಇದೆಲ್ಲ ದಿನದ ಕೆಲಸ. ಇದರೊಟ್ಟಿಗೆ ಸುತ್ತಮುತ್ತಲಿನ ಶಾಲೆಯವರ, ಕ್ಲಬ್ಬಿನವರ ಪತ್ರಿಕಾ ವರದಿ ಟೈಪ್ ಮಾಡಿ ನಿಮ್ಮಂಥ ಪೇಪರಿನವರಿಗೆ ಮೇಲ್ ಮಾಡುದು ಕೂಡ ನಾನೇ. ಅಂದ್ರೆ ನಿಮ್ಮ ಸ್ಥಳೀಯ ಪುಟದಲ್ಲಿ ಬರುವ ಎಷ್ಟೋ ಸುದ್ದಿಗೆ ಒಂದನೇ ಆರೋಪಿ ನಾನು, ನೀವು ಎರಡನೆಯವರು.

ವಿಷಯ ಎಂತ ಅಂದ್ರೆ, ಹೋದ ವರ್ಷ ಮಳೆ ಬಿಟ್ಟ ಮೇಲೆ ಇಲ್ಲೇ ಒಂದು ಶಾಲೆಯಲ್ಲಿ ಹೈಸ್ಕೂಲು ಮಕ್ಕಳ ಖೋಖೋ ಮತ್ತು ಕಬಡ್ಡಿ ಪಂದ್ಯಾಟ ಆಯ್ತು. ಸಂಜೆ ಆರೂವರೆಗೆ ಒಬ್ರು ಮಾಷ್ಟ್ರು ಓಡೋಡಿ ಬಂದು ಒಂದು ಚೀಟಿ ಕೊಟ್ರು, ನಾಳೆ ಪೇಪರಲ್ಲಿ ಬರ್ಬೇಕು ಅಂತ. ನಾನು ಟೈಪ್ ಮಾಡಿದೆ. ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಮುಖ್ಯ ಅತಿಥಿ, ಇನ್ನೊಬ್ಬ ಮುಖ್ಯ ಅತಿಥಿ, ಶುಭ ಹಾರೈಸಿದವರು ಐದು ಜನ, ಸ್ವಾಗತ, ನಿರೂಪಣೆ, ವಂದನೆ, ಉಪಸ್ಥಿತರು. ಕೊನೆಗೆ ಒಂದು ಸಾಲು, 'ವಿಜೇತರಿಗೆ ಬಹುಮಾನ ವಿತರಿಸಲಾಯಿತು.' ನೀವು ಅದನ್ನು ಒಂದಕ್ಷರ ತಪ್ಪಿಲ್ಲದೆ ಹಾಕಿದ್ರಿ, ಫೋಟೊ ಸಮೇತ. ಫೋಟೊದಲ್ಲಿ ಸ್ಟೇಜಿನಲ್ಲಿದ್ದವರೇ, ಹಿಂದೆ ಬ್ಯಾನರು.

ಮರುದಿನ ಬೆಳಿಗ್ಗೆ ನನ್ನ ತಂಗಿಯ ಮಗಳು, ಒಂಬತ್ತನೇ ಕ್ಲಾಸು, ಪೇಪರ್ ಹಿಡ್ಕೊಂಡು ಅಂಗಡಿಗೆ ಬಂದ್ಲು. ಅವಳು ಆ ಖೋಖೋ ಗೆದ್ದ ಟೀಮಿನವಳು. ಬೆರಳಿಟ್ಟು ಲೆಕ್ಕ ಮಾಡಿದ್ಲು, 'ಮಾಮ, 14 ಹೆಸರು ಉಂಟು, ಆಡಿದವರದ್ದು ಒಂದೂ ಇಲ್ಲ. ಯಾವ ಶಾಲೆ ಗೆದ್ದದ್ದು ಅಂತ ಕೂಡ ಇಲ್ಲ. ಇದು ಯಾರು ಬರ್ದದ್ದು?' ನಾನು ಸುಮ್ನೆ ಪ್ರಿಂಟರಿನ ಪೇಪರ್ ಟ್ರೇ ಎಳ್ದು ಪುನಃ ಹಾಕಿದೆ. ಎಂತ ಹೇಳುದು ಮತ್ತೆ.

ಮಾಷ್ಟ್ರಿಗೂ ಬೇರೆ ದಾರಿ ಇರ್ಲಿಲ್ಲ ಅನ್ನುದು ನಂಗೆ ಗೊತ್ತುಂಟು. ಒಂದು ಅತಿಥಿಯ ಹೆಸರು ಬಿಟ್ರೆ ಮರುದಿನ ಫೋನು ಬರ್ತದೆ, ಒಂದು ಹುಡುಗಿಯ ಹೆಸರು ಬಿಟ್ರೆ ಯಾರೂ ಫೋನ್ ಮಾಡುದಿಲ್ಲ. ಹಾಗಾಗಿ ಚೀಟಿಯಲ್ಲಿ ಮೊದಲು ಯಾರು ಬರ್ತಾರೆ ಅಂತ ಕೇಳ್ಬೇಕಾ.

ನನ್ನ ತಂಗಿಯ ಮಗಳು ಮತ್ತು ಅವಳ ಮೂರು ಜನ ಗೆಳತಿಯರು ಸೇರಿ ಶಾಲೆಯ ಆಟಗಳ ಬಗ್ಗೆ ಪಾಡ್‌ಕಾಸ್ಟ್ ಮಾಡ್ತೇವೆ ಅಂತ ಹೊರಟದ್ದು ಆ ವಾರದಲ್ಲೇ. ನಮ್ಮ ಪಕ್ಕದ ಮನೆ ಅಜ್ಜನಿಗೆ ಪಾಡ್‌ಕಾಸ್ಟ್ ಅಂದ್ರೆ ಎಂತ ಅಂತ ಹೇಳ್ಲಿಕ್ಕೆ ನಂಗೆ ಸ್ವಲ್ಪ ಕಷ್ಟ ಆಯ್ತು. ಐಪಾಡ್ ಅನ್ನುವ ಹಾಡಿನ ಡಬ್ಬಿಯ ಹೆಸರನ್ನೂ ಬ್ರಾಡ್‌ಕಾಸ್ಟ್ ಅನ್ನುದನ್ನೂ ಜೋಡಿಸಿ 2004ರಲ್ಲಿ ಹುಟ್ಟಿದ ಶಬ್ದ ಅದು ಅಂತ ಹೇಳಿದ್ರೆ ಅವರಿಗೆ ಎಂತ ಪ್ರಯೋಜನ? ಕೊನೆಗೆ ಹೇಳಿದೆ, ಅಜ್ಜ, ರೇಡಿಯೋ ಅಂದ್ರೆ ಗಂಜಿ, ಬಿಸಿ ಇರುವಾಗ್ಲೇ ಉಣ್ಬೇಕು, ಹೊತ್ತು ತಪ್ಪಿದ್ರೆ ಹೋಯ್ತು. ಇದು ಮಿಡಿ ಉಪ್ಪಿನಕಾಯಿ, ಭರಣಿಯಲ್ಲಿ ಹಾಕಿಟ್ಟಿರ್ತಾರೆ, ನಿಮಗೆ ಬೇಕಾದಾಗ ಮುಚ್ಚಳ ತೆಗ್ದು ಬೇಕಾದಷ್ಟು ತೆಕ್ಕೊಳ್ಳುದು. ಅವರಿಗೆ ರಪ್ಪ ಅರ್ಥ ಆಯ್ತು. ಈಗ ಅಡಿಕೆ ಸುಲಿಯುವಾಗ ಅವರಿಗೆ ಅದೇ ಆಗ್ಬೇಕು.

ಆಟಕ್ಕೆ ವಿಡಿಯೋ ಅಲ್ವಾ ಬೇಕಾದ್ದು, ಬರೇ ದನಿಯಲ್ಲಿ ಎಂತ ಕೇಳುದು ಅಂತ ಸುಮಾರು ಜನ ಕೇಳಿದ್ರು, ನಂಗೂ ಮೊದಲು ಹಾಗೇ ಕಂಡದ್ದು. ಆದ್ರೆ ಕೂತು ಕೇಳಿದ ಮೇಲೆ ಒಂದು ಸಂಗತಿ ತಲೆಗೆ ಹೋಯ್ತು. ನಮ್ಮ ಶಾಲೆಗಳಲ್ಲಿ ಹೆಚ್ಚು ಆಡುವ ಈ ಎರಡು ಆಟದಲ್ಲಿ ದನಿ ನಿಯಮದ ಒಳಗೇ ಉಂಟು! ಕಬಡ್ಡಿಯಲ್ಲಿ ರೈಡಿಗೆ ಹೋದವರು ಕಬಡ್ಡಿ ಕಬಡ್ಡಿ ಅಂತ ಹೇಳ್ತಾನೇ ಇರ್ಬೇಕು, ನಿಲ್ಲಿಸಿದ್ರೆ ಅಂಪೈರ್ ಬಿಡುದಿಲ್ಲ. ಖೋಖೋದಲ್ಲಿ ಅಟ್ಟುವವಳು ಕೂತವಳ ಹಿಂದಿಂದ ಬಂದು ಮುಟ್ಟಿ ಎಲ್ಲರಿಗೂ ಕೇಳುವ ಹಾಗೆ 'ಖೋ' ಅನ್ಬೇಕು, ಅನ್ನದೆ ಅವಳು ಏಳುವ ಹಾಗಿಲ್ಲ. ಕ್ರಿಕೆಟು ಫುಟ್‌ಬಾಲನ್ನು ಬಾಯಿ ಮುಚ್ಚಿಕೊಂಡು ಆಡಿದ್ರೂ ಆಡ್ಬಹುದು. ಇವೆರಡು ಆಗುದಿಲ್ಲ. ಎಂಟು ಜನ ಸಾಲಾಗಿ ಕೂತು, ಒಬ್ಬಳ ಮುಖ ಆ ಕಡೆ ಇನ್ನೊಬ್ಬಳದ್ದು ಈ ಕಡೆ, ಒಬ್ಬಳು ಅಟ್ಟಿಕೊಂಡು ಹೋಗುವಾಗ ಆ ಖೋ ಖೋ ಖೋ ಹೇಗೆ ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಓಡ್ತದೆ ಅನ್ನುದು ಕಣ್ಣು ಮುಚ್ಚಿ ಕೇಳಿದ್ರೆ ಗೊತ್ತಾಗ್ತದೆ, ಸಿಟ್ಟಿನ ಖೋ ಬೇರೆ, ಸುಸ್ತಾದ ಖೋ ಬೇರೆ, ಇನ್ನೇನು ಸಿಕ್ಕಿದ್ಲು ಅನ್ನುವಾಗಿನ ಖೋ ಬೇರೆ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ಆಗಿ ನಮ್ಮ ದೇಶದ ಗಂಡಸರೂ ಹೆಂಗಸರೂ ಎರಡೂ ಕಪ್ ಗೆದ್ರು. ಅದನ್ನು ನೋಡಿದ ಮೇಲೆ ಇಲ್ಲಿನ ಹುಡುಗಿಯರಿಗೆ ಸ್ವಲ್ಪ ಗತ್ತು ಬಂದದ್ದು ಸುಳ್ಳಲ್ಲ.

ಇನ್ನು ಕಬಡ್ಡಿಯ ಗಲಾಟೆ. ನಮ್ಮ ಕಾಸರಗೋಡಿನ ಕೋರ್ಟಿನ ಸುತ್ತ ಒಂದು ರೈಡಿಗೆ ಎಷ್ಟು ಭಾಷೆ ಅಂತ ನಾನು ರೆಕಾರ್ಡಿಂಗ್ ಕೇಳುವವರೆಗೆ ಗಮನಿಸಿರ್ಲಿಲ್ಲ. ಎಡದ ಬದಿಯಿಂದ ಒಬ್ಬ 'ಹಿಡಿ ಹಿಡಿ', ಹಿಂದಿಂದ ತುಳುವಲ್ಲಿ 'ಪತ್ತ್ ಪತ್ತ್, ಬುಡಡ', ಆಚೆಯಿಂದ ಮಲೆಯಾಳದಲ್ಲಿ 'ವಿಡಲ್ಲೇ ವಿಡಲ್ಲೇ', ಎಲ್ಲರೂ ಹೇಳುದು ಒಂದೇ. ಆಡುವ ಹುಡುಗಿಗೆ ಎಲ್ಲವೂ ಅರ್ಥ ಆಗ್ತದೆ, ಯಾವುದನ್ನೂ ಕೇಳುದಿಲ್ಲ, ಅವಳಿಗೆ ಬೇಕಾದ್ದನ್ನೇ ಮಾಡುದು.

ಭಾಷೆ ಅಂತ ಹೇಳುವಾಗ ಇದನ್ನೂ ಹೇಳ್ತೇನೆ, ಯಾರೂ ಜಗಳಕ್ಕೆ ಬರ್ಬೇಡಿ. ಉಪಜಿಲ್ಲೆ, ಅಂದ್ರೆ ಸುತ್ತಿನ ಶಾಲೆಗಳ ಮಟ್ಟ, ದಾಟಿ ಇಡೀ ಕಂದಾಯ ಜಿಲ್ಲೆಯ ಕೂಟಕ್ಕೆ ಹೋದ್ರೆ ಮೈಕಲ್ಲಿ ಮಲೆಯಾಳ, ಫಲಿತಾಂಶದ ಹಾಳೆ ಮಲೆಯಾಳ. ನಮ್ಮ ಮಕ್ಕಳಿಗೆ ಮಲೆಯಾಳ ಬರ್ತದೆ, ಅದರಲ್ಲಿ ತೊಂದರೆ ಇಲ್ಲ. ಆದ್ರೆ ಕನ್ನಡ ಮೀಡಿಯಮ್ಮಿನ ಹುಡುಗಿಯ ಬಾಯಿಗೆ ಯಾರಾದ್ರೂ ಮೈಕ್ ಹಿಡಿದು ಮಲೆಯಾಳದಲ್ಲಿ ಕೇಳಿದ್ರೆ ಅವಳು 'ಸಂತೋಷಂ ಉಂಡ್' ಅಂತ ಹೇಳಿ ತಲೆ ತಗ್ಗಿಸ್ತಾಳೆ, ಅಷ್ಟೇ. ಅದೇ ಹುಡುಗಿ ನಮ್ಮ ಅಂಗಡಿಯ ಸ್ಟೂಲಿನಲ್ಲಿ ಕೂತು, ಆ ಕಾರ್ನರಿನವಳು ಆಂಕಲ್, ಅಂದ್ರೆ ಪಾದದ ಗಂಟು, ಹಿಡೀಲಿಕ್ಕೆ ಬರ್ತಾಳೆ ಅಂತ ನಂಗೆ ಅವಳ ಭುಜ ನೋಡುವಾಗ್ಲೇ ಗೊತ್ತಾಯ್ತು, ಹಾಗಾಗಿ ನಾನು ಸುಮ್ನೆ ಕಾಲು ತೋರ್ಸಿ ಆಚೆ ಕಡೆಯವಳನ್ನು ಮುಟ್ಟಿ ಬಂದೆ ಅಂತ ಹತ್ತು ನಿಮಿಷ ನಿಲ್ಲಿಸದೆ ಹೇಳ್ತಾಳೆ. ಅವಳ ತಲೆಯಲ್ಲಿ ಇಷ್ಟೆಲ್ಲ ಇತ್ತು ಅಂತ ಅವಳ ಪಿ.ಟಿ. ಮಾಷ್ಟ್ರಿಗೇ ಗೊತ್ತಿರ್ಲಿಲ್ಲವಂತೆ.

ಆದ್ರೆ ಸುರುವಿಗೆ ಅವರು ಮಾಡಿದ್ದು ಹಾಗಿರ್ಲಿಲ್ಲ, ಕೇಳ್ಲಿಕ್ಕೆ ಆಗ್ತಿರ್ಲಿಲ್ಲ ಮಾರಾಯ್ರೆ. 'ಆತ್ಮೀಯ ಶ್ರೋತೃಗಳೇ, ಕ್ರೀಡೆಯು ದೈಹಿಕ ಹಾಗೂ ಮಾನಸಿಕ ಬೆಳವಣಿಗೆಗೆ ಪೂರಕವಾಗಿದೆ' ಅಂತ ಬರ್ದುಕೊಂಡು ಓದಿದ್ರು, ಅಸೆಂಬ್ಲಿಯಲ್ಲಿ ಭಾಷಣ ಮಾಡಿದ ಹಾಗೆ. ಮೂರು ನಿಮಿಷ ಆದ್ರೂ ಯಾರು ಆಡಿದ್ದು, ಯಾರು ಗೆದ್ದದ್ದು ಬರ್ಲಿಲ್ಲ. ನಾನು ಹೇಳಿದೆ, ನೀವು ಬೈದದ್ದು ನನ್ನ ಪತ್ರಿಕಾ ವರದಿಯನ್ನು, ಈಗ ಮಾಡಿದ್ದೂ ಅದನ್ನೇ, ಬಾಯಲ್ಲಿ ಮಾಡಿದ್ದು ಅಷ್ಟೇ ವ್ಯತ್ಯಾಸ. ಅವಳಿಗೆ ಸಿಟ್ಟು ಬಂತು, ಎರಡು ದಿನ ಅಂಗಡಿಗೆ ಬರ್ಲಿಲ್ಲ. ಮೂರನೇ ದಿನ ಬಂದು ಕಾಗದ ಇಲ್ಲದೆ ಹೇಳಿದ್ಲು, 'ನಾವು ಎಂಟು ಪಾಯಿಂಟ್ ಹಿಂದೆ ಇದ್ದೆವು, ಬಾಟ್ಲಿ ನೀರು ಖಾಲಿ, ನಂಗೆ ಕಾಲಿನ ಬೆರಳಿನ ಉಗುರು ಎದ್ದಿತ್ತು.' ಅದನ್ನೇ ಮೊದಲ ವಾಕ್ಯ ಮಾಡಿದೆವು.

ಸಾಮಾನಿನ ಬಗ್ಗೆ ಎರಡು ಮಾತು ಹೇಳ್ತೇನೆ, ಯಾಕಂದ್ರೆ ಬೇರೆ ಶಾಲೆಯವರು ಓದಿ ಇದು ದೊಡ್ಡ ಖರ್ಚಿನ ಬಾಬ್ತು ಅಂತ ಹೆದರ್ಬಾರ್ದು. ಮಕ್ಕಳು ಶಾಲೆಗೆ ಮೊಬೈಲ್ ತರುವ ಹಾಗಿಲ್ಲ, ಹಾಗಾಗಿ ಮೊಬೈಲು ನನ್ನದು. ಅಂಗಿಗೆ ಸಿಕ್ಕಿಸುವ ವಯರಿನ ಮೈಕು ಒಂದು, ಮುನ್ನೂರು ನಾನೂರು ರೂಪಾಯಿಗೆ ಸಿಕ್ತದೆ. ಗದ್ದೆ ಬದಿಯ ಗ್ರೌಂಡಲ್ಲಿ ಗಾಳಿ ಬುಸು ಬುಸು ಅಂತ ಮೈಕಿಗೆ ಹೊಡೀತದೆ, ಅದಕ್ಕೆ ಒಂದು ಸ್ಪಂಜಿನ ತುಂಡು ಸುತ್ತಿ ಅದರ ಮೇಲೆ ಹಳೇ ಉಣ್ಣೆಯ ಕಾಲುಚೀಲ, ಒಗೆದದ್ದು ಆಯ್ತಾ. ಎಡಿಟಿಂಗಿಗೆ ಶಾಲೆಯ ಕಂಪ್ಯೂಟರೇ ಸಾಕು. ನಮ್ಮ ಹೈಸ್ಕೂಲುಗಳಲ್ಲಿ 2018ರಿಂದ ಲಿಟಲ್ ಕೈಟ್ಸ್ ಅಂತ ಮಕ್ಕಳ ಐಟಿ ಕ್ಲಬ್ಬು ಉಂಟಲ್ಲ, ಆ ಕಂಪ್ಯೂಟರಿನಲ್ಲಿ ಆಡಾಸಿಟಿ ಅನ್ನುವ ಸಾಫ್ಟ್‌ವೇರ್ ಫ್ರೀಯಾಗಿ ಉಂಟು, ನನ್ನ ಸೋದರ ಸೊಸೆ ಅದನ್ನು ನನಗಿಂತ ಚೆನ್ನಾಗಿ ಓಡಿಸ್ತಾಳೆ. ನಂಗೆ ಪೇಜ್‌ಮೇಕರ್ ಬರ್ತದೆ, ಅವಳಿಗೆ ಅಲೆ ಅಲೆಯಾಗಿ ಕಾಣುವ ದನಿಯಲ್ಲಿ ಕೆಮ್ಮು ಎಲ್ಲುಂಟು ಅಂತ ಕಣ್ಣಲ್ಲೇ ಕಾಣ್ತದೆ. ಇಪ್ಪತ್ತು ನಿಮಿಷದ ಮಾತು 64 ಕೆಬಿಪಿಎಸ್ ಮೋನೋದಲ್ಲಿ, ಅಂದ್ರೆ ಒಂದೇ ಚಾನಲಿನ ಸಣ್ಣ ಫೈಲಾಗಿ, ಸೇವ್ ಮಾಡಿದ್ರೆ 10 ಎಂಬಿಯ ಒಳಗೆ ನಿಲ್ತದೆ, ರೇಂಜು ಸರಿ ಸಿಗದ ಗುಡ್ಡೆ ಮನೆಯವರಿಗೂ ವಾಟ್ಸಾಪಲ್ಲಿ ಹೋಗ್ತದೆ.

ಕಷ್ಟ ಆದದ್ದು ಕೂತು ಮಾತಾಡ್ಲಿಕ್ಕೆ ಒಂದು ಜಾಗ ಸಿಗುದು. ಕ್ಲಾಸ್‌ರೂಮಲ್ಲಿ ಮಾಡಿದ್ರೆ ಬಾವಿಯೊಳಗೆ ಮಾತಾಡಿದ ಹಾಗೆ ಕೇಳ್ತದೆ. ನನ್ನ ಅಂಗಡಿಗೆ ಶೀಟಿನ ಮಾಡು, ಒಂದು ಮಳೆ ಬಂದ್ರೆ ಚೆಂಡೆ ಪೆಟ್ಟೇ. ಕೊನೆಗೆ ಪಕ್ಕದ ಜವಳಿ ಅಂಗಡಿಯವರ ಹತ್ರ ಕೇಳಿ ಅವರ ಗೋಡೌನಲ್ಲಿ ಕೂತೆವು. ಸುತ್ತ ಸೀರೆ ಕಟ್ಟು, ಲುಂಗಿ ಕಟ್ಟು, ಬೆಡ್‌ಶೀಟಿನ ರಾಶಿ. ಒಂದು ಪ್ರತಿಧ್ವನಿ ಇಲ್ಲ! ಸೀರೆ ಎಲ್ಲ ನುಂಗಿಬಿಡ್ತದೆ. ದುಡ್ಡು ಹಾಕಿ ಮಾಡುವ ಸ್ಟುಡಿಯೋದಲ್ಲಿ ಗೋಡೆಗೆ ಅಂಟಿಸುದೂ ಮೆತ್ತಗಿನ ಸಾಮಾನನ್ನೇ ಅಲ್ವಾ. ಒಂದೇ ತೊಂದರೆ, ಹಬ್ಬದ ಸಮಯ ಬಂದ್ರೆ ಐದು ನಿಮಿಷಕ್ಕೊಮ್ಮೆ ಯಾರಾದ್ರೂ 'ಆ ಹಸಿರು ಬಾರ್ಡರಿದ್ದು' ಅಂತ ಹುಡುಕಿಕೊಂಡು ಒಳಗೆ ಬರ್ತಾರೆ.

ಸುರುವಿಗೂ ಕೊನೆಗೂ ಹಾಕ್ಲಿಕ್ಕೆ ಮಕ್ಕಳಿಗೆ ಒಂದು ಸಿನಿಮಾ ಹಾಡೇ ಆಗ್ಬೇಕಂತೆ. ಬೇರೆಯವರ ಹಾಡು ಹಾಕಿದ್ರೆ ಕಾಪಿರೈಟ್ ಅಂತ ತೆಗ್ದು ಬಿಸಾಡ್ತಾರೆ ಅಂತ ಹೇಳಿದ್ರೆ ನಂಬ್ಲಿಲ್ಲ. ಯಕ್ಷಗಾನದ ಕವಿ ಪಾರ್ತಿಸುಬ್ಬನ ಕುಂಬಳೆ ಇಲ್ಲಿಂದ ಎಷ್ಟು ದೂರ, ಯಕ್ಷಗಾನ ಕಲಿಯುವ ಮಕ್ಕಳು ಶಾಲೆ ತುಂಬ ಇದ್ದಾರೆ, ಹತ್ತನೇ ಕ್ಲಾಸಿನ ಒಬ್ಬ ಹುಡುಗ ಬಂದು ಎಂಟು ಸೆಕೆಂಡು ಚೆಂಡೆ ಬಾರ್ಸಿ ಹೋದ. ಈಗ ಅದೇ ನಮ್ಮ ಟ್ಯೂನು. ಹೆಸರು ಮಾತ್ರ ಇನ್ನೂ ಆಗ್ಲಿಲ್ಲ, ನಾಲ್ಕು ಜನರಿಗೂ ನಾಲ್ಕು ಹೆಸರು. ಸದ್ಯಕ್ಕೆ ಫೈಲುಗಳ ಹೆಸರು 'ಖೋಖೋ 1', 'ಕಬಡ್ಡಿ ಫೈನಲ್', 'ಕಬಡ್ಡಿ ಫೈನಲ್ ಸರಿಯಾದ್ದು', 'ಕಬಡ್ಡಿ ಫೈನಲ್ ಇದೇ ಕೊನೆ'. ಡಿಟಿಪಿ ಅಂಗಡಿಯ ಗಾಳಿ ತಾಗಿದ್ದು.

ಈ ಕಬಡ್ಡಿ ಫೈನಲಿನ ಕಥೆ ಹೇಳ್ಬೇಕು. 15 ನಿಮಿಷದ ಎರಡು ಅರ್ಧ, ಎರಡನೇ ಅರ್ಧದ ಕೊನೆಗೆ ಇನ್ನು ಎರಡು ನಿಮಿಷ ಉಂಟು, ಸ್ಕೋರ್ ಸಮ ಸಮ, ನಮ್ಮ ಹುಡುಗಿ ರೈಡಿಗೆ ಹೋದ್ಲು. ಆಚೆ ಆರು ಜನ ನಿಂತಿದ್ದಾರೆ, ಅಂದ್ರೆ ಬೋನಸ್ ಗೆರೆ ದಾಟಿದ್ರೆ ಒಂದು ಪಾಯಿಂಟು. ನಾನು ಫೋನು ಎತ್ತಿ ಹಿಡ್ಕೊಂಡು ಸೈಡ್‌ಲೈನಲ್ಲಿ. ಆಗ ಸರಿಯಾಗಿ ಒಂದು ಫೈನಾನ್ಸಿನವರ ಫೋನು ಬಂತು ನಂಗೆ, ಹಳೇ ಪ್ರಿಂಟರಿನ ಸಾಲದ ಬಾಬ್ತು ಒಂದು ಕಂತು ಬಾಕಿ ಉಂಟು ಅಂತ. ಕಟ್ ಮಾಡಿದೆ. ಪುನಃ ಬಂತು. ಮತ್ತೆ ಮನೆಗೆ ಬಂದು ನೋಡಿದ್ರೆ ರೆಕಾರ್ಡಿಂಗು ಮೊದಲ ಕರೆಗೇ ನಿಂತು ಹೋಗಿದೆ. ಇಡೀ ಮ್ಯಾಚು ಉಂಟು, ಗೆದ್ದದ್ದು ಇಲ್ಲ.

ಮಕ್ಕಳ ಮುಖ ನೋಡ್ಲಿಕ್ಕೆ ಆಗ್ಲಿಲ್ಲ. ಒಬ್ಬಳು ಹೇಳಿದ್ಲು, ಇಂಟರ್ನೆಟ್ಟಲ್ಲಿ ಜನರ ಬೊಬ್ಬೆ ಸಿಗ್ತದೆ, ಅದನ್ನು ಹಾಕಿ ಮೇಲಿಂದ ನಾವೇ ಕಮೆಂಟ್ರಿ ಹೇಳುವ, ಯಾರಿಗೆ ಗೊತ್ತಾಗ್ತದೆ. ನಂಗೂ ಒಂದು ಕ್ಷಣ ಹೌದು ಅಂತ ಕಂಡಿತು, ಸಾಲಗಾರನ ಬುದ್ಧಿ. ಆದ್ರೆ ಬೇಡ ಅಂದದ್ದು ಸೋದರ ಸೊಸೆ. ಅವಳು ಮೈಕ್ ಹಿಡಿದು ನೇರ ಹೇಳಿದ್ಲು, 'ಇಲ್ಲಿ ನಮ್ಮ ಮಾಮನಿಗೆ ಫೋನು ಬಂತು, ರೆಕಾರ್ಡ್ ನಿಂತಿತು, ಇನ್ನು ಮುಂದಿದ್ದನ್ನು ಆಡಿದವರೇ ಬಾಯಲ್ಲಿ ಹೇಳ್ತಾರೆ.' ರೈಡ್ ಮಾಡಿದ ಹುಡುಗಿಯನ್ನೂ, ಅವಳನ್ನು ಹಿಡೀಲಿಕ್ಕೆ ಬಂದ ಎದುರು ಶಾಲೆಯ ಹುಡುಗಿಯನ್ನೂ ಅದೇ ಗೋಡೌನಲ್ಲಿ ಎದುರುಬದುರು ಕೂರ್ಸಿದ್ರು. ಒಬ್ಬಳು 'ನಾನು ಎಡಗಾಲು ಗೆರೆ ಆಚೆ ಇಟ್ಟೆ' ಅಂತಾಳೆ, ಇನ್ನೊಬ್ಬಳು 'ಇಟ್ಟದ್ದು ಹೌದು, ಆದ್ರೆ ಹಿಂದಿನ ಕಾಲು ಎತ್ತಿದ್ದಾ?' ಅಂತಾಳೆ. ಬೋನಸ್ ಸಿಗ್ಬೇಕಾದ್ರೆ ಹಿಂದಿನ ಕಾಲು ಗಾಳಿಯಲ್ಲಿರ್ಬೇಕು ನೋಡಿ. ಅಂಪೈರ್ ಪಾಯಿಂಟ್ ಕೊಟ್ಟಾಗಿದೆ, ಗೆದ್ದ ಕಪ್ ಬೀರು ಸೇರಿಯಾಗಿದೆ, ಇವರದ್ದು ಇನ್ನೂ ಮುಗೀಲಿಲ್ಲ, ಕೊನೆಗೆ ಸೀರೆ ಕಟ್ಟಿನ ಮೇಲೆ ಗೆರೆ ಎಳ್ದು ಕಾಲಿಟ್ಟು ತೋರ್ಸಿದ್ರು. ಮ್ಯಾಚಿಗಿಂತ ಆ ಐದು ನಿಮಿಷವನ್ನೇ ಜನ ಹೆಚ್ಚು ಕೇಳಿದ್ದು. ಆಚೆ ಶಾಲೆಯವರೂ ಶೇರ್ ಮಾಡಿದ್ರು, ಸೋತವರು ಶೇರ್ ಮಾಡುದು ಅಂದ್ರೆ ಸಣ್ಣ ಸಂಗತಿಯಾ?

ನಿಯಮ ಅಂತ ಅವರೇ ಎರಡು ಮೂರು ಮಾಡ್ಕೊಂಡಿದ್ದಾರೆ. ಹದಿನೆಂಟರ ಕೆಳಗಿನ ಮಕ್ಕಳು, ಹಾಗಾಗಿ ಅಪ್ಪ ಅಮ್ಮನ ಸಹಿ ಇಲ್ಲದೆ ಯಾರ ಹೆಸರೂ ದನಿಯೂ ಹೋಗುದಿಲ್ಲ, ಆ ಒಪ್ಪಿಗೆ ಪತ್ರ ಟೈಪ್ ಮಾಡಿದ್ದು ನಾನೇ, ಅರ್ಧ ಪುಟ, ಕನ್ನಡ ಒಂದು ಬದಿ ಮಲೆಯಾಳ ಒಂದು ಬದಿ. ಮನೆ ಎಲ್ಲಿ, ಯಾವ ಬಸ್ಸಲ್ಲಿ ಬರುದು ಅಂತ ಯಾರೂ ಹೇಳ್ಬಾರ್ದು. ಸೋತದ್ದಕ್ಕೆ ಒಬ್ಬಳ ಹೆಸರು ಹಿಡಿದು ಹೇಳ್ಬಾರ್ದು, ಯಾಕಂದ್ರೆ ಉಪ್ಪಿನಕಾಯಿ ಭರಣಿಯಲ್ಲಿ ವರ್ಷಗಟ್ಟಲೆ ಇರ್ತದೆ. ಮಾಷ್ಟ್ರು ಒಮ್ಮೆ ಪೂರ್ತಿ ಕೇಳಿದ ಮೇಲೆಯೇ ಹೊರಗೆ ಬಿಡುದು.

ಕೇಳುವವರು ಯಾರು ಅಂತ ಕೇಳ್ತೀರಿ. ಲಕ್ಷ ಇಲ್ಲ, ಸಾವಿರವೂ ಇಲ್ಲ. ಆದ್ರೆ ಯಾರು ಅಂತ ನಂಗೆ ಒಬ್ಬೊಬ್ಬರದ್ದೂ ಗೊತ್ತುಂಟು. ಪಕ್ಕದ ಮನೆ ಅಜ್ಜ, ಅವರು 1983ರಲ್ಲಿ ಕಪಿಲ್ ದೇವ್ ಟೀಮು 183 ಮಾಡಿ ಗೆದ್ದದ್ದನ್ನು ರೇಡಿಯೋದಲ್ಲಿ ಕೇಳಿದವರು, ಅವರ ಒಂದೇ ದೂರು 'ಸ್ಕೋರ್ ಎಷ್ಟು ಅಂತ ಹೇಳುದಿಲ್ಲ ನಿಮ್ಮ ಮಕ್ಕಳು, ಬರೇ ಬೊಬ್ಬೆ' ಅಂತ. ಆ ಮೇಲೆ ಮಕ್ಕಳು ಎರಡು ನಿಮಿಷಕ್ಕೊಮ್ಮೆ ಸ್ಕೋರ್ ಹೇಳ್ಲೇಬೇಕು ಅಂತ ಮಾಡಿದ್ರು. ಇನ್ನೊಬ್ರು ಆ ರೈಡ್ ಮಾಡಿದ ಹುಡುಗಿಯ ಅಪ್ಪ. ನಮ್ಮ ಕಡೆ ಎಷ್ಟೋ ಮನೆಯ ಹಾಗೆ ಅವರೂ ಗಲ್ಫಲ್ಲಿ, ಮಗಳು ಆಡುದನ್ನು ಒಮ್ಮೆಯೂ ನೋಡಿದವರಲ್ಲ. ಮೊದಲ ಅರ್ಧದಲ್ಲಿ ಅವಳದ್ದೊಂದು ರೈಡು ಮೈಕಿನ ಹತ್ರವೇ ಆಗಿತ್ತು, 30 ಸೆಕೆಂಡಿನ ರೈಡಲ್ಲಿ ಇಪ್ಪತ್ತೇಳು ಸೆಕೆಂಡು ಅವಳ ಕಬಡ್ಡಿ ಕಬಡ್ಡಿ ಮತ್ತು ಉಸಿರು ಮಾತ್ರ ಕೇಳ್ತದೆ, ಕೊನೆಗೆ ದಬ್ ಅಂತ ಬಿದ್ದದ್ದು, ಮತ್ತೆ ಬೊಬ್ಬೆ. ಅವರು ರೂಮಿನಿಂದ ವಾಯ್ಸ್ ಕಳಿಸಿದ್ರು ನಂಗೆ. ನಾನು ಅವರು ಎಂತೆಲ್ಲ ಹೇಳ್ತಾರೋ ಅಂತ ಕೇಳಿದ್ರೆ ಒಂದೇ ಪ್ರಶ್ನೆ, 'ಬಿದ್ದದ್ದು ಗೆರೆಯ ಈಚೆಯಾ ಆಚೆಯಾ?'

ಈಚೆಯೇ. ಎರಡು ಪಾಯಿಂಟು.

ಕಾಸರಗೋಡಿನಲ್ಲಿ ಆಟ ಇಲ್ಲ ಅಂತ ಯಾರೂ ಹೇಳ್ಲಿಕ್ಕಿಲ್ಲ. ಅನಿಲ್ ಕುಂಬ್ಳೆ 619 ಟೆಸ್ಟ್ ವಿಕೆಟ್ ತೆಗೆದದ್ದು ನಮ್ಮ ಊರಿನ ಹೆಸರನ್ನು ಬೆನ್ನಿಗೆ ಹಾಕ್ಕೊಂಡು. ತಳಂಗರೆಯವ, ಕೇರಳ ಟೀಮಿನ ಮೊಹಮ್ಮದ್ ಅಜರುದ್ದೀನ್ 2025ರ ಫೆಬ್ರವರಿಯಲ್ಲಿ ರಣಜಿ ಸೆಮಿಫೈನಲಲ್ಲಿ ಗುಜರಾತಿನ ಮೇಲೆ 177 ಮಾಡಿ ಔಟಾಗದೆ ನಿಂತ, ಕೇರಳ 457, ಗುಜರಾತ್ 455ಕ್ಕೆ ಆಲೌಟು. ಆ ಕೊನೇ ವಿಕೆಟ್ ನೆನಪುಂಟಾ, ಹೊಡೆದ ಚೆಂಡು ಹತ್ರ ನಿಂತ ಸಲ್ಮಾನ್ ನಿಸಾರ್‌ನ ಹೆಲ್ಮೆಟಿಗೆ ಬಡಿದು ಹಾರಿ ಹೋಗಿ ಸಚಿನ್ ಬೇಬಿಯ ಕೈಗೆ ಬಿತ್ತು. ಮೊದಲ ಇನಿಂಗ್ಸಿನ ಎರಡು ರನ್ನಿನ ಲೀಡಲ್ಲಿ ಕೇರಳ ಮೊದಲ ಸಲ ಫೈನಲಿಗೆ. ನಮ್ಮ ಬೀದಿಯಲ್ಲಿ ಅವತ್ತು ಒಂದೊಂದು ಅಂಗಡಿಯಲ್ಲೂ ಕ್ಯಾಮರಾ ಯಾವ ಕಡೆಯಿಂದ ತೋರ್ಸಿತು ಅಂತ ಕೂಡ ಮಾತಾಯ್ತು. ಅಜರುದ್ದೀನನಂಥವರು ಮೇಲೆ ಹೋದ ಮೇಲೆ ಹತ್ತು ಕ್ಯಾಮರಾ. ಸಣ್ಣದಿರುವಾಗ ಇಲ್ಲಿನ ಮಣ್ಣಲ್ಲಿ ಆಡಿದ್ದಕ್ಕೆ? ಹತ್ರದ ಮನೆಯವರ ಬಾಯಿಮಾತು ಬಿಟ್ರೆ ಎಂತ ಉಂಟು?

ಅದಕ್ಕಿಂತ ಹೆಚ್ಚು ನಂಗೆ ಕಾಣುದು, ಮೇಲೆ ಹೋಗದವರ ಬಗ್ಗೆ. ಉಪಜಿಲ್ಲೆಯಲ್ಲಿ ಸೋತು ಹತ್ತನೇ ಕ್ಲಾಸ್ ಮುಗ್ಸಿ ಆಟ ಬಿಡುವವರೇ ನೂರಕ್ಕೆ ತೊಂಬತ್ತು ಅಲ್ವಾ, ಅವರ ಪಾಲಿಗೆ ಆ ಒಂದು ಮಧ್ಯಾಹ್ನವೇ ವಿಶ್ವಕಪ್ಪು. ರಾಜ್ಯಮಟ್ಟದ ಶಾಲಾ ಕೂಟ 2024ರ ನವೆಂಬರಲ್ಲಿ ಕೊಚ್ಚಿಯಲ್ಲಿ ಒಲಿಂಪಿಕ್ಸಿನ ಹಾಗೆ ದೊಡ್ಡದು ಮಾಡಿದ್ರು, ಅಂಗವೈಕಲ್ಯ ಇರುವ ಮಕ್ಕಳನ್ನೂ ಸೇರ್ಸಿದ್ರು, ಒಳ್ಳೆದೇ ಆಯ್ತು, ಟಿವಿಯಲ್ಲೂ ಬಂತು. ಆದ್ರೆ ಅಲ್ಲಿಗೆ ಹೋಗುವ ಮೆಟ್ಟಿಲಿನ ಕೆಳಗಿನ ಎರಡು ಮೂರು ಮೆಟ್ಟಿಲಲ್ಲಿ ಎಂತ ಆಯ್ತು ಅಂತ ಬರೀಬೇಕಾದವರು ನಾವು, ನೀವು. ಕಲೋತ್ಸವ ಬಂದ್ರೆ ನಾವೆಲ್ಲ ಯಾವ ಮಗುವಿಗೆ ಯಾವ ಐಟಮಲ್ಲಿ ಎ ಗ್ರೇಡು ಅಂತ ಹೆಸರು ಫೋಟೊ ಸಮೇತ ಹಾಕ್ತೇವೆ, ಅದೇ ಮಗು 800 ಮೀಟರ್ ಓಡಿದ್ರೆ 'ವಿಜೇತರಿಗೆ ಬಹುಮಾನ ವಿತರಿಸಲಾಯಿತು'. ಓಡುವವರಿಗೆ ವೇಷ ಇಲ್ಲ, ಹಾಗಾಗಿ ಫೋಟೊ ಚೆಂದ ಬರುದಿಲ್ಲ ಅಂತಲೋ ಏನೋ.

ಈಗ ನನ್ನ ಕೋರಿಕೆಗೆ ಬರ್ತೇನೆ. ನನ್ನ ಕಡೆಯಿಂದ ಒಂದು ತಿದ್ದುಪಡಿ ಆಗಿಯೇ ಉಂಟು. ಕಂಪ್ಯೂಟರಿನಲ್ಲಿ ಕ್ರೀಡಾಕೂಟದ ವರದಿಗೆ ಅಂತ ಒಂದು ಹಳೇ ಫೈಲ್ ಇತ್ತು, ಹೆಸರು ಬದಲ್ಸಿ ಬದಲ್ಸಿ ಕಳಿಸುದು. ಅದರಲ್ಲಿ ಉದ್ಘಾಟನೆಯ ಸಾಲನ್ನು ಕೆಳಗೆ ಇಳಿಸಿ ಮೊದಲ ಸಾಲು ಹೀಗೆ ಮಾಡಿದ್ದೇನೆ, ಯಾರು, ಯಾರ ಮೇಲೆ, ಎಷ್ಟು ಪಾಯಿಂಟಿಗೆ, ಚೆನ್ನಾಗಿ ಆಡಿದವರು ಯಾರು. ಖಾಲಿ ಬಿಟ್ರೆ ಮೇಲ್ ಮಾಡುದಿಲ್ಲ ಅಂತ ಶಾಲೆಯವರಿಗೆ ಹೇಳಿದ್ದೇನೆ. ಇಬ್ಬರು ಮಾಷ್ಟ್ರು ಗುರುಗುಟ್ಟಿದ್ರು, ಒಬ್ರು ಸಂತೋಷದಲ್ಲಿ ಇಡೀ ಸ್ಕೋರ್‌ಶೀಟಿನ ಜೆರಾಕ್ಸ್ ತಂದುಕೊಟ್ರು, ಎರಡೂ ಬದಿ, ದುಡ್ಡು ತೆಕ್ಕೊಳ್ಳಿಲ್ಲ ನಾನು. ನಿಮ್ಮ ಡೆಸ್ಕಿನವರು ಜಾಗ ಸಾಲದೆ ಕತ್ತರಿಸುವಾಗ ಕೆಳಗಿಂದ ಕತ್ತರಿಸ್ತಾರೆ ಅಂತ ಗೊತ್ತಿದ್ದೇ ಮಾಡಿದ್ದು ಅದು, ಇನ್ನು ಕಟ್ ಆದ್ರೆ ಶುಭ ಹಾರೈಸಿದವರು ಕಟ್ ಆಗ್ಲಿ.

ನಿಮ್ಮಿಂದ ಬೇಕಾದ್ದು ಸೋಮವಾರದ ಸ್ಥಳೀಯ ಪುಟದಲ್ಲಿ ಒಂದು ಕಾಲಂ ಅಗಲ, ಐದು ಸೆಂಟಿಮೀಟರ್ ಎತ್ತರದ ಒಂದು ಬಾಕ್ಸು. ನಾನು ಪುಟ ಕಟ್ಟುವವ, ಅಷ್ಟರಲ್ಲಿ ಎಷ್ಟು ಹಿಡೀತದೆ ಅಂತ ಗೊತ್ತುಂಟು, ಎಂಟು ಪಾಯಿಂಟಿನ ಅಕ್ಷರದಲ್ಲಿ ಹತ್ತು ಸಾಲು ಆರಾಮ. ಮಂಜೇಶ್ವರ, ಕುಂಬಳೆ, ಕಾಸರಗೋಡು ಈ ಮೂರು ಉಪಜಿಲ್ಲೆಯ ಕನ್ನಡ ಮಕ್ಕಳು ಆ ವಾರ ಎಲ್ಲಿ ಆಡಿದ್ರು, ಎಷ್ಟಕ್ಕೆ ಗೆದ್ರು ಎಷ್ಟಕ್ಕೆ ಸೋತ್ರು. ಮೂಲೆಯಲ್ಲಿ ಒಂದು ಕ್ಯೂಆರ್ ಚೌಕ, ಫೋನು ಹಿಡಿದ್ರೆ ಮಕ್ಕಳ ಇಪ್ಪತ್ತು ನಿಮಿಷದ ಮಾತು ಕೇಳುವ ಹಾಗೆ. ಚೌಕ ಎರಡು ಸೆಂಟಿಮೀಟರಿಗಿಂತ ಸಣ್ಣದು ಮಾಡ್ಬೇಡಿ, ನ್ಯೂಸ್‌ಪ್ರಿಂಟಲ್ಲಿ ಶಾಯಿ ಹರಡಿದ್ರೆ ಫೋನಿಗೆ ಓದ್ಲಿಕ್ಕೆ ಆಗುದಿಲ್ಲ. ಜಾಹೀರಾತು ದರ ಹಾಕ್ತೀರಾದ್ರೆ ಮೊದಲೇ ಹೇಳಿ, ಪ್ರಿಂಟರಿನ ಕಂತು ಇನ್ನೂ ಬಾಕಿ ಉಂಟು.

ಬರುವ ಶನಿವಾರ ಆಚೆ ಶಾಲೆಯ ಗ್ರೌಂಡಲ್ಲಿ ಖೋಖೋ ಉಂಟು, ಸೋತವರು ಪಂಥ ಹಾಕಿ ಕರ್ದದ್ದು. ಫಲಿತಾಂಶ ಆ ರಾತ್ರಿಯೇ ನಿಮಗೆ ಮೇಲ್ ಮಾಡ್ತೇನೆ, ಹೊಸ ಫೈಲಿನ ಪ್ರಕಾರ. ಅವತ್ತು ಮಧ್ಯಾಹ್ನ ಎರಡರಿಂದ ಐದರವರೆಗೆ ನನ್ನ ಫೋನು ಏರೋಪ್ಲೇನ್ ಮೋಡಲ್ಲಿ ಇರ್ತದೆ, ನಿಮ್ಮ ಆಫೀಸಿನಿಂದ ಎಂತಾದ್ರೂ ಕೇಳ್ಲಿಕ್ಕಿದ್ರೆ ಐದರ ಮೇಲೆ ಮಾಡಿ.

ಇತಿ,
ಒಬ್ಬ ಡಿಟಿಪಿ ಅಂಗಡಿಯವ,
ಬದಿಯಡ್ಕ ಹತ್ತಿರ, ಕಾಸರಗೋಡು ಜಿಲ್ಲೆ